ಹುಟ್ಟು ಹಾಕಿ ಸಾಗರ ದಾಟುವವರಿಗೆ

ಮಾನ್ಯರೆ,

ಮಾಂಡೋವಿ, ಜುವಾರಿ ನದಿಗಳಲ್ಲಿ ಕೈ ಪಳಗಿಸಿಕೊಂಡ ಗೋವಾ ಕನ್ನಡಿಗರ ಮಕ್ಕಳು ಸಣ್ಣ ದೋಣಿಯಲ್ಲಿ ಮಹಾಸಾಗರ ದಾಟುವ ಕನಸು ಕಂಡರೆ ಸಂತೋಷವೇ. ಆದರೆ ತಯಾರಿ ಎಂದರೆ ತೋಳು ಬೆಳೆಸುವುದಷ್ಟೇ ಎಂಬ ತಿಳಿವಳಿಕೆ ಅಪಾಯಕಾರಿ.

ಮೊದಲು ಗಾಳಿ ನೋಡಬೇಕು. ಜೋರು ಎದುರುಗಾಳಿಯಲ್ಲಿ ಇಂಥ ದೋಣಿ ಮುಂದೆ ಸಾಗದು. ಅದಕ್ಕೇ ಅಟ್ಲಾಂಟಿಕ್ ದಾಟುವವರು ಡಿಸೆಂಬರ್ ಸುಮಾರಿಗೆ ಕ್ಯಾನರಿ ದ್ವೀಪಗಳಿಂದ ಹೊರಟು, ವಾಣಿಜ್ಯ ಮಾರುತ ಬೆನ್ನಿಗಿಟ್ಟುಕೊಂಡು ಕೆರಿಬಿಯನ್‌ಗೆ ಸುಮಾರು 4,800 ಕಿ.ಮೀ. ಹುಟ್ಟು ಹಾಕುತ್ತಾರೆ. ಗಾಳಿ ತಿರುಗಿದರೆ ನೀರಿನಲ್ಲಿ ಅರಳಿ ದೋಣಿ ಹಿಂದಕ್ಕೆ ತೇಲುವುದನ್ನು ತಡೆಯುವ, ಪ್ಯಾರಾಶೂಟಿನಂಥ ಸಮುದ್ರ ಲಂಗರು ಬಿಟ್ಟು ಕಾಯಬೇಕು. ಬಿಡುವುದಕ್ಕಿಂತ ಎಳೆದುಕೊಳ್ಳುವುದು ಕಷ್ಟ. ದಡದ ಹತ್ತಿರವೇ, ಕತ್ತಲಲ್ಲೂ, ಅಭ್ಯಾಸವಾಗಲಿ.

ಎರಡು ತುದಿಯ ಕ್ಯಾಬಿನ್‌ಗಳಲ್ಲಿ ಗಾಳಿ, ತಳದಲ್ಲಿ ಭಾರ ಇರುವುದರಿಂದ ಮಗುಚಿದ ದೋಣಿ ತಾನೇ ನೆಟ್ಟಗಾಗುತ್ತದೆ. ಸೆಕೆಯೆಂದು ಬಾಗಿಲು ತೆರೆದಿಟ್ಟಿದ್ದರೆ ನೀರು ನುಗ್ಗಿ ಬುಡಮೇಲಾಗಿಯೇ ಉಳಿಯಬಹುದು. ಹೊರಗೆ ಕೂತವರ ಸೊಂಟಕ್ಕೋ ಕಾಲಿಗೋ ದೋಣಿಗೆ ಬಿಗಿದ ಹಗ್ಗ ಸದಾ ಇರಲಿ.

ಕುಡಿಯುವ ನೀರು ಉಪ್ಪು ತೆಗೆಯುವ ಯಂತ್ರದ್ದು. ಅದು ನಡೆಯುವುದು ಸೌರಫಲಕದಿಂದ. ದಿನಗಟ್ಟಲೆ ಮೋಡ ಕವಿದರೆ ಬ್ಯಾಟರಿ ಸೋಲುತ್ತದೆ. ಕೈಪಂಪಿನ ಇನ್ನೊಂದು ಯಂತ್ರ, ಬದಲಿ ಫಿಲ್ಟರ್ ಬೇಕೇ ಬೇಕು.

ಊಟ ಒಬ್ಬರಿಗೆ ದಿನಕ್ಕೆ 5,000 ಕ್ಯಾಲೊರಿಯಷ್ಟು. ಅವಲಕ್ಕಿ ಒಂದನ್ನೇ ನೆಚ್ಚಿದರೆ ದೋಣಿಯ ಹೊರೆ ಏರುತ್ತದೆ: ಪಿಷ್ಟದ ಒಂದು ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿಗೆ 9. ಶೇಂಗಾ, ಕೊಬ್ಬರಿ, ತುಪ್ಪ ಹೆಚ್ಚಿರಲಿ.

ಕೂತ ಜಾಗದ ಉಪ್ಪುಹುಣ್ಣನ್ನು ಹಗುರವಾಗಿ ಕಾಣಬೇಡಿ. ಪ್ರತಿ ಪಾಳಿ ಮುಗಿದೊಡನೆ ಸಿಹಿನೀರಿನ ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ, ಮುಲಾಮು ಹಚ್ಚಬೇಕು.

— ವಾಸ್ಕೋದ ಕನ್ನಡಿಗ ಓದುಗರು