ಅಮ್ಮಾ, ಮೈ ತಣ್ಣಗಿದೆ

ಸ್ಟುಟ್‌ಗಾರ್ಟ್
ನವೆಂಬರ್ 23

ಅಮ್ಮನಿಗೂ ಅಪ್ಪನಿಗೂ ನಮಸ್ಕಾರ.

ಪುಟ್ಟನಿಗೆ ಜ್ವರ ಬಿಟ್ಟಿದೆ ಅಂತ ಫೋನಲ್ಲೇ ಹೇಳಿದ್ದೆ. ಆದರೂ ಮತ್ತೆ ಬರೆಯುತ್ತಿದ್ದೇನೆ, ಕಾಗದ ಕಂಡ ಕೂಡಲೇ ನೀನು ಗಾಬರಿ ಬೀಳಬಾರದು ಅಂತ. ಆ ರಾತ್ರಿ ನಿನ್ನ ಮೇಲೆ ರೇಗಿಬಿಟ್ಟೆ. ಫೋನಲ್ಲಿ ಆ ಮಾತು ಎತ್ತೋಕೆ ಬಾಯಿ ಬರಲಿಲ್ಲ.

ಮೂರು ದಿನ ಜ್ವರ 39 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಒಮ್ಮೆ 40 ಮುಟ್ಟಿತು, ನಮ್ಮ ಲೆಕ್ಕದಲ್ಲಿ 104. ಮೂಗು ಸೋರಲಿಲ್ಲ, ಕೆಮ್ಮೂ ಇಲ್ಲ. ಡಾಕ್ಟರ್ ಕಿವಿ, ಗಂಟಲು ನೋಡಿದರು. ಹಾಲು ಕುಡಿಯುತ್ತಾನಾ, ಡೈಪರ್ ಒದ್ದೆ ಆಗುತ್ತಿದೆಯಾ ಅಂತ ಕೇಳಿದರು. ವೈರಸ್ಸು, ಆಂಟಿಬಯೋಟಿಕ್ ಬೇಡ ಅಂದು ಕಳಿಸಿದರು. ಕೊಟ್ಟಿದ್ದು ಪ್ಯಾರಾಸಿಟಮಾಲ್ ಮಾತ್ರ. ಅದೂ ಬಾಯಿಗಲ್ಲ, ಹಿಂದಿನಿಂದ ಇಡುವುದು! ಅವನೂ ಅತ್ತ, ನಾನೂ ಅತ್ತೆ.

ಮೂರನೇ ರಾತ್ರಿ ನೀನು "ಮೈಮೇಲೆ ಏನಾದ್ರೂ ಎದ್ದಿದೆಯಾ ನೋಡು, ಎದ್ದರೆ ಜ್ವರ ಬಿಟ್ಟ ಹಾಗೆ" ಅಂದೆ. ನಾನು "ಸುಮ್ನಿರಮ್ಮ, ಡಾಕ್ಟರಿಗೆ ಗೊತ್ತಿಲ್ವಾ" ಅಂತ ಫೋನ್ ಇಟ್ಟೆ. ಬೆಳಗ್ಗೆ ಅಂಗಿ ಬಿಚ್ಚಿದರೆ ಹೊಟ್ಟೆ, ಬೆನ್ನು ತುಂಬ ಕರಿಮೆಣಸಿನ ಕಾಳಿನಷ್ಟು ಗುಲಾಬಿ ಚುಕ್ಕೆ. ಬೆರಳಿಟ್ಟು ಒತ್ತಿದರೆ ಮಾಯ, ಬಿಟ್ಟರೆ ಮತ್ತೆ ಹಾಜರ್. ಮೈ ಮಾತ್ರ ತಣ್ಣಗೆ. ಡಾಕ್ಟರ್ ನಗುತ್ತಾ ಹೆಸರು ಹೇಳಿದರು, ಡ್ರೈಟಾಗೆಫೀಬರ್. ಏನೋ ಭಾರೀ ಕಾಯಿಲೆ ಅಂದುಕೊಂಡೆ. ಅರ್ಥ ನೋಡಿದರೆ ಬರೀ ಮೂರು ದಿನದ ಜ್ವರ! ಎರಡು ವರ್ಷದ ಒಳಗೆ ಇದು ಮಾಮೂಲಂತೆ, ಜ್ವರ ಇಳಿಯುವಾಗಲೇ ಚುಕ್ಕೆ ಏಳುತ್ತದಂತೆ. ನೀನು ಹೇಳಿದ್ದೇ ಅಲ್ವಾ. ಎರಡು ದಿನದಲ್ಲಿ ಅದೂ ಹೋಯಿತು.

ಜೇನಿನ ವಿಷಯಕ್ಕೂ ನಿನಗೆ ಬೇಜಾರಿತ್ತು, ಗೊತ್ತು. ಅಷ್ಟು ದೂರ ಕಳಿಸಿದ ಬಾಟಲಿಯನ್ನು ನಾನು ಮುಚ್ಚಳ ಕೂಡ ತೆಗೆಯದೆ ಮೇಲಿಟ್ಟೆ. ಆದರೆ ಈ ಮಾತಲ್ಲಿ ನಾನು ಸೋಲಲ್ಲ. ಜೇನಿನಲ್ಲಿ ಒಂದು ಬ್ಯಾಕ್ಟೀರಿಯಾ ಇರಬಹುದು, ಅದು ಎಳೆ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ. ಅದಕ್ಕೇ ವರ್ಷ ತುಂಬುವವರೆಗೆ ಬೇಡ ಅನ್ನುತ್ತಾರೆ. ಈಗ ಹದಿನಾಲ್ಕು ತಿಂಗಳು. ಮೊನ್ನೆ ಬೆರಳ ತುದಿಯಲ್ಲಿ ನೆಕ್ಕಿಸಿದೆ. ಬೆರಳನ್ನೇ ಕಚ್ಚಿದ. ಎಂಟು ಹಲ್ಲು, ನೆನಪಿರಲಿ!

ಜ್ವರದಲ್ಲಿ ಮುನ್ನೂರು ಗ್ರಾಂ ಇಳಿದಿದ್ದಾನೆ. ರಾಗಿ ಸರಿ ಮತ್ತೆ ತಿನ್ನುತ್ತಿದ್ದಾನೆ, ಬಂದೀತು.

ನಡಿಗೆ ಜೋರಾಗಿದೆ. ಕೈ ಎರಡೂ ಮೇಲೆತ್ತಿಕೊಂಡು ನಾಲ್ಕು ಹೆಜ್ಜೆ ಓಡುತ್ತಾನೆ, ಆಮೇಲೆ ದೊಪ್ ಅಂತ ಕೂರುತ್ತಾನೆ. ಪಾರ್ಕಿನಲ್ಲಿ ಬಿದ್ದ ಎಲೆ ಎಲ್ಲಾ ಬಾಯಿಗೆ. ಅಲ್ಲಿ ಕೊಯ್ಲು ಶುರುವಾಗಿರಬೇಕಲ್ವಾ? ಕಣಕ್ಕೆ ಬಿಟ್ಟರೆ ಕಾಫಿ ಹಣ್ಣನ್ನೂ ಬಿಡಲ್ಲ ಇವನು. ಸೋಮವಾರಪೇಟೆ ಚಳಿ ಈ ಸಲ ಹೇಗಿದೆ?

ಅಪ್ಪಾ, ಅವನು ಫೋನಲ್ಲಿ "ನೈನ್, ನೈನ್" ಅಂದಾಗ ನೀವು "ಒಂಬತ್ತರವರೆಗೂ ಬಂದುಬಿಟ್ನಾ!" ಅಂತ ಹಿಗ್ಗಿದಿರಿ. ಆಗ ಹೇಳೋಕೆ ಮನಸ್ಸಾಗಲಿಲ್ಲ. ಇಲ್ಲಿನ ಭಾಷೆಯಲ್ಲಿ ನೈನ್ ಅಂದರೆ ಬೇಡ, ಇಲ್ಲ ಅಂತ. ಪ್ಲೇಸ್ಕೂಲಿನಲ್ಲಿ ಕಲಿತಿದ್ದು. ಅವನು ನಿಮ್ಮ ಹತ್ತಿರ ಮಾತಾಡಲ್ಲ ಅಂತಿದ್ದ. "ಜಿಜ್ಜಿ" ಅಂತ ಮಾತ್ರ ಅಜ್ಜಿ ಫೋಟೋ ನೋಡಿಯೇ ಹೇಳುತ್ತಾನೆ.

ಅಮ್ಮಾ, ಉಲ್ಲನ್ ಸಾಕ್ಸ್ ಹೆಣೆಯೋಕೆ ನೀನು ಅಳತೆ ಕೇಳಿದ್ದೆ. ಪಾದ ಇಟ್ಟು ಪೆನ್ಸಿಲಲ್ಲಿ ಗೆರೆ ಎಳೆದಿದ್ದೇನೆ, ಹಾಳೆ ಇದರ ಜೊತೆಗಿದೆ. ಹೆಬ್ಬೆರಳ ಹತ್ತಿರ ಗೆರೆ ಸೊಟ್ಟಗಿದೆ, ಕಚಗುಳಿಗೆ ಕಾಲು ಎಳೆದುಕೊಂಡ. ಬೆರಳು ಸರಿಯಾಗೇ ಇದೆ. ಒಂದು ಅಂಗುಲ ಜಾಸ್ತಿಯೇ ಇಟ್ಟು ಹೆಣೆ.

ನಿನ್ನ ಮಗಳು