ಬಿಟ್ಟ ಮೇಲಿನ ಮೊದಲ ವಾರ: ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಕಳೆದ ಕೊನೆಕೊಯ್ಲಿನ ಹೊತ್ತಿಗೆ ನನ್ನ ಅಣ್ಣನ ಮಗ ಬೆಂಗಳೂರಿನಿಂದ ನಮ್ಮ ಮನೆಗೆ ಬಂದ. ಮೆಥ್ ಎಂಬ ಮಾದಕವಸ್ತುವಿನ ಸೇವನೆ ನಿಲ್ಲಿಸಿ ಎರಡು ದಿನವಾಗಿತ್ತಂತೆ. ಬಂದವನೇ ಮಲಗಿದ. ಎಬ್ಬಿಸಿದರೆ ಕಡುಬಿನ ಮೇಲೆ ಕಡುಬು ತಿಂದು, ಕೈ ತೊಳೆದು, ಮತ್ತೆ ಮಲಗುತ್ತಿದ್ದ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ಸೋಮಾರಿ ಎಂದರು. ನಾನೂ ಹಾಗೆಯೇ ತಿಳಿದೆ. ಆ ನೋವು ಇನ್ನೂ ಇದೆ. ಐದನೆಯ ದಿನ ಗೋಡೆಯ ಕಡೆ ಮುಖ ಮಾಡಿಕೊಂಡೇ, ‘ಅತ್ತೆ, ನನಗೆ ಯಾವುದೂ ಬೇಡವಾಗಿದೆ, ಬದುಕೂ ಬೇಡ’ ಎಂದ. ತೋಟದ ಔಷಧಿ ಇಟ್ಟ ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾತ್ರಿಯಿಡೀ ಅವನ ಪಕ್ಕ ಕುಳಿತೆ.

ಅದು ಕಾಯಿಲೆಯ ಲಕ್ಷಣವೆಂದು ತಿಳಿದದ್ದು ಶಿವಮೊಗ್ಗದ ಮನೋವೈದ್ಯರಿಂದ. ಮೆಥ್, ಕೊಕೇನ್‌ನಂಥ ಉತ್ತೇಜಕಗಳು ಮೆದುಳಿನಲ್ಲಿ ಹುರುಪು ತರುವ ಡೋಪಮೈನ್ ಎಂಬ ರಾಸಾಯನಿಕವನ್ನು ಮಿತಿಮೀರಿ ಹರಿಸುತ್ತವೆ. ನಿಲ್ಲಿಸಿದೊಡನೆ ವಿಪರೀತ ನಿದ್ದೆ, ಹಸಿವು, ಸುಸ್ತು, ಕೆಟ್ಟ ಕನಸು. ಇವು ಒಂದೆರಡು ವಾರದಲ್ಲಿ ಬಹುಪಾಲು ಇಳಿದರೂ ಮಂಕುತನ ಮತ್ತು ಮತ್ತೆ ಬೇಕೆಂಬ ತುಡಿತ ತಿಂಗಳುಗಟ್ಟಲೆ ಕಾಡಬಹುದು. ಕುಡಿತ ಬಿಟ್ಟವರಿಗೆ ಬರುವಂಥ ಕೈನಡುಕ, ಫಿಟ್ಸ್ ಇಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ; ಹಾಗಾಗಿ ಮನೆಯವರು ಹೆದರುವುದಿಲ್ಲ. ಸಾಯುವ ಯೋಚನೆ ಬರುವುದು ಈ ದಿನಗಳಲ್ಲೇ, ಸ್ವಾಮಿ.

ಹೆರಾಯಿನ್ ಬಿಡುವವರಿಗೆ ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಇದೆ. ಮೆಥ್ ಬಿಡುವವರಿಗೆ ಅಂಥ ಖಚಿತ ಔಷಧಿ ಇನ್ನೂ ಬಂದಿಲ್ಲ. ಖಿನ್ನತೆ ಹೆಚ್ಚಾದರೆ ಮಾತ್ರೆ ಕೊಡುತ್ತಾರೆ; ಮುಖ್ಯ ಚಿಕಿತ್ಸೆ ವಾರವಾರದ ಆಪ್ತಸಮಾಲೋಚನೆ. ಮೂತ್ರ ಪರೀಕ್ಷೆಯಲ್ಲಿ ಸೇವಿಸಿಲ್ಲವೆಂದು ಕಂಡಾಗಲೆಲ್ಲ ಸಣ್ಣ ಬಹುಮಾನ ಕೊಡುವ ಕ್ರಮವೂ ಉಂಟು. ಅಧ್ಯಯನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿರುವುದು ಅದೇ. ಆದರೆ ನಮ್ಮೂರಿನಿಂದ ಶಿವಮೊಗ್ಗಕ್ಕೆ ಹೋಗಿಬರಲು ಒಂದು ಹಗಲು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ನಿಜ. ಸಿಗ್ನಲ್‌ಗಾಗಿ ನಾನು ಗುಡ್ಡ ಹತ್ತಬೇಕು, ಅವನನ್ನು ಒಬ್ಬನೇ ಬಿಟ್ಟು.

ಆದ್ದರಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಈ ಮೊದಲ ವಾರಕ್ಕೆಂದೇ ಎರಡು ಹಾಸಿಗೆ, ತರಬೇತಾದ ಒಬ್ಬ ದಾದಿ, ವಾರಕ್ಕೊಮ್ಮೆ ಆಪ್ತಸಮಾಲೋಚಕರು ಇರುವಂತೆ ಮಾಡಿ. ಈ ನಿದ್ದೆಯನ್ನು ಗುರುತಿಸಲು ಆಶಾ ಕಾರ್ಯಕರ್ತೆಯರಿಗೆ ಕಲಿಸಿ.

ಇನ್ನೊಂದು ಮಾತು. ಅಣ್ಣ ಪೊಲೀಸರಿಗೆ ಹೆದರಿಯೇ ಮಗನನ್ನು ಆಸ್ಪತ್ರೆಗೆ ಸೇರಿಸದೆ ನಮ್ಮಲ್ಲಿಗೆ ಕಳುಹಿಸಿದ್ದ. ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಇದು ನಮಗೆ ಗೊತ್ತಾದದ್ದು ತಡವಾಗಿ. ಹೊರರೋಗಿ ಚೀಟಿ ಕೊಡುವ ಕಿಟಕಿಯ ಪಕ್ಕ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಇದನ್ನು ಬರೆಸಿ ಹಾಕಿಸಿ.

ಇತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ್ತಿ