ಫುಡ್ ಸ್ಟ್ರೀಟ್ ಆಮೇಲೆ ಮಾಡಿ, ಮೊದ್ಲು ಕೂತು ಮಾರೋರಿಗೆ ಸೂರು ಕೊಡಿ

ಸಂಪಾದಕರಿಗೆ ನಮಸ್ಕಾರ,

ನಾನು ಕಾರವಾರದ ಮಾರ್ಕೆಟ್ ಹತ್ರ ಇರೋಳು. ರಜೆ ಬಂತಂದ್ರೆ ಸಾಕು, ಹುಬ್ಬಳ್ಳಿ ಗಾಡಿ, ಬೆಂಗಳೂರು ಗಾಡಿ, ಗೋವಾ ಗಾಡಿ, ಎಲ್ರ ಕೈಲೂ ಮೊಬೈಲು, ಮೀನೂಟದ ತಟ್ಟೆದು ರೀಲ್ಸು. ಬರ್ಲಿ, ಬೇಡ ಅನ್ನಲ್ಲ. ಆದ್ರೆ ಈಗ ಕೆಲವ್ರು ಇಲ್ಲಿ ಫುಡ್ ಸ್ಟ್ರೀಟ್ ಮಾಡ್ಬೇಕು, ಬಣ್ಣದ ಲೈಟ್ ಹಾಕ್ಬೇಕು, ರಸ್ತೆ ಬದಿ ಕೂತು ಮೀನು, ಸೊಪ್ಪು ಮಾರೋ ಹೆಂಗಸ್ರನ್ನ ಎಬ್ಬಿಸ್ಬೇಕು ಅಂತೆಲ್ಲ ಮಾತಾಡ್ತಿದ್ದಾರೆ.

ಅವ್ರನ್ನ ಎಬ್ಬಿಸಿದ್ರೆ ತಟ್ಟೇಲಿ ಎಂತ ಉಳೀತದೆ ಮಾರಾಯ್ರೆ? ನೀವು ಚಪ್ಪರಿಸೋ ಬೆಳಚಿನ ಸುಕ್ಕ ಇದ್ಯಲ್ಲ, ಆ ಬೆಳಚು ಅನ್ನೋ ಚಿಪ್ಪುಮೀನನ್ನ ಕಾಳಿ ನದಿ ಅಳಿವೇಲಿ ಇಳಿತ ನೋಡ್ಕೊಂಡು ನೀರಲ್ಲಿ ನಿಂತು ಆರಿಸಿ ತರೋರು ಇದೇ ಹೆಂಗಸ್ರು. ಬಸಳೆ, ಹರಿವೆ ಅಂಕೋಲಾ ಕಡೆಯಿಂದ ಹಾಲಕ್ಕಿ ಒಕ್ಕಲಿಗರ ಅಜ್ಜಿಯಂದ್ರು ಬುಟ್ಟಿ ಕಟ್ಕೊಂಡು ಬಸ್ಸಲ್ಲಿ ತರ್ತಾರೆ, ಮೇ ತಿಂಗಳಲ್ಲಿ ಕರಿ ಇಶಾಡು ಮಾವೂ ಅವ್ರ ಬುಟ್ಟಿದೇ. ಆ ಹಣ್ಣಿಗೆ 2023ರಲ್ಲಿ ಜಿಐ ಟ್ಯಾಗ್ ಬಂತು, ಮಾರೋ ಅಜ್ಜಿ ಇನ್ನೂ ಬಿಸಿಲಲ್ಲೇ ಕೂತಿದ್ದಾಳೆ.

ಇನ್ನೊಂದು ಮಾತು ಕೇಳಿ ಕೇಳಿ ಸಾಕಾಗಿದೆ, ಹೊರಗಿನೋರು ಬಂದು ನಮ್ಮ ರುಚಿ ಕೆಡ್ತು ಅಂತ. 1956ರ ತನಕ ನಾವು ಮುಂಬೈ ರಾಜ್ಯದಲ್ಲೇ ಇದ್ದೋರಲ್ವಾ, ಬೆಳಗ್ಗೆ ಪಾವ್ ತಿನ್ನೋ ಊರಲ್ಲಿ ಹೊರಗಿಂದು ಯಾವ್ದು ಒಳಗಿಂದು ಯಾವ್ದು? 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾದ್ಮೇಲೆ ಎಲ್ಲಾ ರಾಜ್ಯದೋರೂ ಬಂದ್ರು, ಬಂಗಾಳಿ ಹೆಂಗಸ್ರು ಹಿಂದಿ ಕೊಂಕಣಿ ಎರಡೂ ಕಲಸಿ ಚೌಕಾಸಿ ಮಾಡೋದು ನೋಡ್ಬೇಕು, ಮೀನು ಮಾರೋ ಅಕ್ಕಂದಿರು ಈಗ ಅವ್ರಿಗೋಸ್ಕರ ದೊಡ್ಡ ಮೀನಿನ ತಲೆ ಬೇರೆ ತೆಗ್ದಿಡ್ತಾರೆ. ನಮ್ಮ ಎದುರು ಮನೆ ಮಲಯಾಳಿ ಅಕ್ಕ ಮೀನು ಸಾರಲ್ಲಿ ಹುಳಿಗೆ ಕೊಡಂಪುಳಿ ಹಾಕ್ತಾಳೆ, ಅದು ಬೇರೆ ಏನೂ ಅಲ್ಲ, ನಮ್ಮ ಸಿರ್ಸಿ ಕಾಡಲ್ಲಿ ಸಿಗೋ ಉಪ್ಪಾಗೇನೇ! ನಾನು ಮುರುಗಲು ಸಿಪ್ಪೆ ಹಾಕೋಳು, ಈಗ ಬಂಗಡೆಗೆ ಅವಳ್ದೇ ಚೆಂದ ಅನ್ನಿಸ್ತದೆ (ನಮ್ಮ ಅತ್ತೆಗೆ ಹೇಳ್ಬೇಡಿ).

ವಿಷಯಕ್ಕೆ ಬರ್ತೀನಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ದೋಣಿ ಕಡಲಿಗಿಳಿಯಲ್ಲ, ಆಗ ಈ ಹೆಂಗಸ್ರಿಗೆ ಒಣಮೀನೇ ಗತಿ, ಆ ಮಳೇಲಿ ಒಣಮೀನು ಮಾರೋದು ಅಂದ್ರೆ ಎಂಥಾ ಕಷ್ಟ, ಒಂದ್ಸಲ ತೇವ ಹಿಡೀತಂದ್ರೆ ಬೂಸ್ಟು ಬಂದು ಎಲ್ಲಾ ಎಸೀಬೇಕು, ತಮ್ಮ ತಲೆ ನೆನೆದ್ರೂ ಪ್ಲಾಸ್ಟಿಕ್ ಹಾಳೇನ ಬುಟ್ಟಿಗೆ ಮುಚ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೇಲಿ ಸರ್ವೆ ಮಾಡಿ ಸರ್ಟಿಫಿಕೇಟ್ ಕೊಡೋ ತನಕ ಯಾರನ್ನೂ ಎಬ್ಬಿಸೋ ಹಂಗಿಲ್ಲ ಅಂತ ಸ್ಪಷ್ಟ ಇದೆ, ಸಂಬಂಧಪಟ್ಟೋರು ಓದ್ಲಿ.

ಲೈಟ್ ಹಾಕೋ ದುಡ್ಡಲ್ಲಿ ಮೊದ್ಲು ಒಂದು ಗಟ್ಟಿ ಶೀಟಿನ ಮಾಡು ಹಾಕ್ಸಿ, ಮೀನು ತೊಳೆಯೋಕೆ ನಲ್ಲಿ ಕೊಡಿ. ಹೆಂಗಸ್ರ ಶೌಚಾಲಯ ಒಂದು ಬೇಕೇ ಬೇಕು, ಅದೂ ಬೆಳಗ್ಗೆ ಬೇಗ ತೆರೀಬೇಕು, ಆಫೀಸ್ ಟೈಮಿಗೆ ಬೀಗ ತೆಗೆದ್ರೆ ಅವ್ರಿಗೆ ಉಪಯೋಗ ಇಲ್ಲ.

— ಓದುಗಳೊಬ್ಬಳು, ಕಾರವಾರ